ಮೇಣದಲ್ಲಿ ಉಳಿದ ಅವ್ವ

ಕಿನು ಮೇಣದ ತುಂಡಿಗೆ ಉಸಿರು ಬಿಡುವುದನ್ನು ನೋಡಬೇಕಿತ್ತು. ಮಂಜುಗಡ್ಡೆಯ ಮೇಲಿಂದ ಆಗತಾನೆ ಎತ್ತಿದ ತುಂಡನ್ನು ಯಂತ್ರದ ಬಾಯಿಗೆ ಕಚ್ಚಿಸಿ, ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದು, ಕನ್ನಡಕ ಒರೆಸುವವರ ಹಾಗೆ 'ಹಾ' ಎಂದು ಒಂದೇ ಒಂದು ಉಸಿರು. ಆ ಬಿಸಿಗೆ ಮೇಣ ಒಂದು ಗಳಿಗೆ ಮೆತ್ತಗಾಗುತ್ತದೆ. ಅಷ್ಟರೊಳಗೆ ಅಲಗು ಹಾಯಬೇಕು. ಹಾಯ್ದರೆ ಕೂದಲೆಳೆಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳ್ಳಗಿನ ಹಾಳೆ ಏಳುತ್ತದೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿಕೊಂಡ ಮೇಲೆ ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳುವುದು. ಮೇಣದೊಳಗೆ ಇರುವುದು ಯಾರದೋ ಹೊಟ್ಟೆಯ ಚೂರು. ಆ ಹಾಳೆಗೆ ಬಣ್ಣ ಕಟ್ಟಿ ಡಾಕ್ಟರು ನೋಡಿದ ಮೇಲೆಯೇ ಅದು ಬರಿಯ ಹುಣ್ಣೋ ಕ್ಯಾನ್ಸರೋ ಎಂದು ಗೊತ್ತಾಗುವುದು.

ಯೊಕೊತೆ ಊರಿನ ಆಸ್ಪತ್ರೆಯಲ್ಲಿ ಅವಳು ಹೀಗೆ ಮೂವತ್ತೊಂಬತ್ತು ವರ್ಷ ಉಸಿರು ಬಿಟ್ಟಳು. ರೋಗ ಕಂಡುಹಿಡಿದ ಡಾಕ್ಟರ ಹೆಸರು ಕಾಗದದ ಮೇಲಿರುತ್ತದೆ, ಹೊಟ್ಟೆ ಕೊಯ್ದ ಡಾಕ್ಟರ ಫೋಟೋ ಗೋಡೆಯ ಮೇಲಿರುತ್ತದೆ. ಹಾಳೆ ಕೊಯ್ದವಳ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಬೇರೆಯವರಾಗಿದ್ದರೆ ಇದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದರು. ಕಿನುವಿಗೆ ಅದರ ಗೊಡವೆಯೇ ಇರಲಿಲ್ಲ.

ಉಸಿರು ಬಿಡುವುದನ್ನು ಕಲಿಸಿದವರು ಓಕಾಜಿಮಾ. ೧೯೭೮ರಲ್ಲಿ, ಇಪ್ಪತ್ತೊಂದರ ಹುಡುಗಿಯಾಗಿ ಅವಳು ಕೆಲಸಕ್ಕೆ ಸೇರಿದಾಗ ಆ ಕೋಣೆಗೆ ಅವರೇ ಹಿರಿಯರು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಆಗ ಉಕ್ಕಿನ ದೊಡ್ಡ ಅಲಗು. ದಿನಾ ಬೆಳಿಗ್ಗೆ ಸಾಣೆಕಲ್ಲಿಗೆ ಮಸೆದು, ತಮ್ಮ ಮುಂಗೈ ಮೇಲಿನ ರೋಮ ಹೆರೆದು ನೋಡಿದ ಮೇಲೆಯೇ ಅವರ ಕೆಲಸ ಶುರು. ಅವರ ಎಡಗೈ ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

"ಫೂ ಅಂತ ಊದಬೇಡಮ್ಮ, ಇದೇನು ಒಲೆಯಾ?" ಎಂದು ಮೊದಲ ದಿನವೇ ಗದರಿದ್ದರು. "ಹಾ ಅನ್ನು. ಚಳೀಲಿ ಮಗು ಕೈಗೆ ಬಿಡ್ತೀವಲ್ಲ, ಹಾಗೆ. ಯಾರದೋ ಹೊಟ್ಟೆ ಕಣಮ್ಮ ಇದು. ತಣ್ಣಗಿದೆ ಅಂತ ನೀನೂ ತಣ್ಣಗಿರಬೇಡ."

ಫೆಬ್ರವರಿ ಎಂಟರಂದು ಊರಿನ ದರ್ಜಿಗಳೂ ಹೆಂಗಸರೂ ಮುರಿದ ಸೂಜಿಗಳನ್ನು ಸೋಯಾ ಹಾಲು ಒಡೆಸಿ ಮಾಡಿದ ಮೆತ್ತನೆಯ ತೋಫು ಗಟ್ಟಿಗೆ ಚುಚ್ಚಿ ಕೈ ಮುಗಿಯುತ್ತಾರೆ. ವರ್ಷವಿಡೀ ಗಟ್ಟಿ ಬಟ್ಟೆಗೆ ಹೊಕ್ಕು ಹೊರಟು ದಣಿದ ಸೂಜಿ, ಕೊನೆಗಾದರೂ ಮೆತ್ತಗಿನ ಜಾಗದಲ್ಲಿ ಮಲಗಲಿ ಎಂದು. ಓಕಾಜಿಮಾ ಅದೇ ದಿನ ಪ್ರಯೋಗಾಲಯದ ಸವೆದ ಅಲಗುಗಳಿಗೂ ಮುರಿದ ಸೂಜಿಗಳಿಗೂ ಆ ಮರ್ಯಾದೆ ಮಾಡುತ್ತಿದ್ದರು. ಡಾಕ್ಟರುಗಳು ನಗುತ್ತಿದ್ದರು, ನಕ್ಕು ಬಂದು ಒಂದೊಂದು ಸೂಜಿ ತಾವೂ ಚುಚ್ಚಿ ಹೋಗುತ್ತಿದ್ದರು. ಕಿನು ಸೇರಿದ ಮೇಲೆ ತೋಫು ತರುವ ಕೆಲಸ ಅವಳ ಅವ್ವ ತೊಕಿಯದಾಯಿತು. ತೋಫುವಿನ ಜೊತೆ ಒಂದು ಡಬ್ಬಿ ಹೊಗೆ ಮೂಲಂಗಿ ಬರಲೇಬೇಕು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ತೊಕಿಯ ಮನೆಯಲ್ಲಿ ಆ ಎರಡೂ ಒಂದೇ ಪೀಪಾಯಿಯಲ್ಲಿದ್ದವು. ನವೆಂಬರಿನಲ್ಲಿ ಹಿಮ ಬೀಳುವ ಮೊದಲು ಮೂಲಂಗಿಗಳನ್ನು ಹಗ್ಗಕ್ಕೆ ಕಟ್ಟಿ, ಹಿತ್ತಲ ಗುಡಿಸಲಿನಲ್ಲಿ ಚೆರ್ರಿ ಸೌದೆಯ ಹೊಗೆಗೆ ನೇತುಹಾಕಿ, ಕಂದಿ ಸುಕ್ಕುಗಟ್ಟಿದ ಮೇಲೆ ಅಕ್ಕಿ ತೌಡು ಮತ್ತು ಉಪ್ಪಿನಲ್ಲಿ ಹೂತಿಡುವುದು. ಸರ್ಕಾರದ ಆರೋಗ್ಯದ ಹೆಂಗಸರು ಮನೆಮನೆಗೆ ಬಂದು ಸಾರಿನ ಬಟ್ಟಲಿಗೆ ಉಪ್ಪು ಅಳೆಯುವ ಕಡ್ಡಿ ಅದ್ದಿ ನೋಡುತ್ತಿದ್ದ ಕಾಲ ಅದು. ಈ ಸೀಮೆಯಲ್ಲಿ ಉಪ್ಪು ತಿಂದು ತಿಂದು ಗಂಡಸರಿಗೆ ರಕ್ತದ ಒತ್ತಡ ಏರುತ್ತದೆ, ಎಲ್ಲರಿಗೂ ಹೊಟ್ಟೆ ಕೆಡುತ್ತದೆ ಎಂದು ಅವರ ತಕರಾರು. ಕಿನುವಿನ ಅಪ್ಪ ರಕ್ತ ಏರಿಯೇ ಹೋಗಿದ್ದ. ಆದರೂ ತೊಕಿ ಬಗ್ಗಿದವಳಲ್ಲ.

"ಕಡ್ಡಿ ಅದ್ದಿ ರುಚಿ ನೋಡ್ತಾರಂತೆ, ನಾಲಿಗೆ ಏನು ಮನೇಲಿ ಮರೆತು ಬಂದವ್ರಾ?" ಎಂದು ಅವರ ಮುಂದೆಯೇ ಅಂದಿದ್ದಳು.

ಆ ತೊಕಿಗೇ ೧೯೮೩ರ ಬೇಸಿಗೆಯಲ್ಲಿ ಹೊಟ್ಟೆನೋವು ಬಂತು. ಐವತ್ತೈದು ವಯಸ್ಸು. ಮುಕ್ಕಾಲು ಹೊಟ್ಟೆ ತೆಗೆದರು. ಶಸ್ತ್ರಕ್ರಿಯೆ ಮಾಡಿದ ಡಾಕ್ಟರು ಕಿನುವನ್ನು ಪಡಸಾಲೆಯ ಕೊನೆಗೆ ಕರೆದು, ಕ್ಯಾನ್ಸರು ಹೊರಗೋಡೆಯವರೆಗೂ ಬಂದಿದೆ, ಇನ್ನೊಂದು ವರ್ಷ ಅಂದುಕೊಳ್ಳಿ ಎಂದರು. ಆಮೇಲೆ ದನಿ ತಗ್ಗಿಸಿ, "ತಾಯಿಗೆ ಹುಣ್ಣು ಅಂತ ಹೇಳಿ" ಎಂದರು. ಆಗೆಲ್ಲ ಅದೇ ರೂಢಿ. ಕ್ಯಾನ್ಸರ್ ಎಂಬ ಮಾತನ್ನು ಮನೆಯವರ ಕೈಗೆ ಕೊಡುವರು, ರೋಗಿಯ ಕೈಗೆ ಕೊಡುತ್ತಿರಲಿಲ್ಲ. ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ಮನೆಯವರ ಕರ್ತವ್ಯ ಅನ್ನುತ್ತಿದ್ದರು. ತೊಕಿಗೆ ಮನೆಯವರು ಅಂತ ಇದ್ದವಳು ಕಿನು ಒಬ್ಬಳೇ.

ತೆಗೆದ ಹೊಟ್ಟೆ ಪ್ರಯೋಗಾಲಯಕ್ಕೇ ಬರಬೇಕಲ್ಲ. ಬಂತು. ಅದರ ಚೂರುಗಳು ಮೇಣದಲ್ಲಿ ಕೂತು, ಪುಟ್ಟ ಮರದ ಅಚ್ಚುಗಳಿಗೆ ಅಂಟಿ, ಮುಖ್ಯ ಚೂರಿನ ಅಚ್ಚಿಗೆ ಸೀಸದಕಡ್ಡಿಯಲ್ಲಿ ೧೧೨೭ ಎಂದು ನಂಬರು ಬಿತ್ತು.

"ನೀನು ಮನೆಗೆ ಹೋಗಮ್ಮ. ಇದನ್ನ ನಾನು ಕೊಯ್ತೀನಿ" ಎಂದರು ಓಕಾಜಿಮಾ.

"ನಿಮ್ಮ ಕೈ ಈಗೀಗ ನಡುಗುತ್ತೆ ಮೇಷ್ಟ್ರೇ. ನಮ್ಮವ್ವನ್ನ ಅಂಕುಡೊಂಕು ಕೊಯ್ಯೋದು ಬೇಡ" ಎಂದಳು ಕಿನು. ಓಕಾಜಿಮಾ ಜಾಗ ಬಿಟ್ಟು ಎದ್ದರು. ಅವಳು ಬಾಗಿ 'ಹಾ' ಎಂದಳು. ಅಷ್ಟು ಚೊಕ್ಕಟವಾದ ಹಾಳೆ ಆ ವರ್ಷ ಆ ಕೋಣೆಯಲ್ಲಿ ಎದ್ದಿರಲಿಲ್ಲ.

ಸುಳ್ಳು ಹೇಳುವುದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಂದು ಹುರಿಗಡಲೆ ಕದ್ದರೂ ಕಿವಿ ಕೆಂಪಾಗಿ ಸಿಕ್ಕಿಬೀಳುವವಳು. ಆಸ್ಪತ್ರೆಯ ಬಚ್ಚಲಿನ ಕನ್ನಡಿಯ ಮುಂದೆ ಮೂರು ದಿನ ನಿಂತು ಅಭ್ಯಾಸ ಮಾಡಿದಳು. ಕಿವಿ ಕಾಣದ ಹಾಗೆ ಕೂದಲು ಇಳಿಬಿಟ್ಟಳು. ಆಮೇಲೆ ಅವ್ವನ ಹಾಸಿಗೆಯ ಹತ್ತಿರ ಹೋದಳು.

"ಏನಂತೆ?" ಎಂದಳು ತೊಕಿ.

"ಹುಣ್ಣಂತೆ ಅವ್ವ. ದೊಡ್ಡ ಹುಣ್ಣು."

"ಮುಕ್ಕಾಲು ಹೊಟ್ಟೆ ಕಿತ್ತವ್ರೆ. ಹುಣ್ಣೇನು ಮಡಕೆ ಗಾತ್ರ ಇತ್ತಾ?"

ಕಿನು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ಹುಣ್ಣು ಎಲ್ಲಿತ್ತು, ಯಾಕೆ ಅಷ್ಟು ತೆಗೆಯಬೇಕಾಯಿತು ಎಂದು ವಿವರವಾಗಿ ಹೇಳಿದಳು. ಹೊಡೆದರೆ ನಿಜದ ತಲೆಯ ಮೇಲೇ ಹೊಡೆಯುವಂಥ ಸುಳ್ಳು. ತೊಕಿ ಚಿತ್ರ ನೋಡಿದಳು, ಮಗಳ ಮುಖ ನೋಡಿದಳು, "ಕೂದಲು ಹಿಂಗ್ ಬಿಟ್ರೆ ಚೆನ್ನಾಗ್ ಕಾಣ್ತೀಯ ಕಣೆ" ಎಂದಳು.

ಮುಂದಿನ ಫೆಬ್ರವರಿ ಎಂಟಕ್ಕೆ, ಸೊರಗಿ ಅರ್ಧವಾಗಿದ್ದರೂ, ತೊಕಿ ಹಿಮದಲ್ಲಿ ನಡೆದು ತೋಫು ತಂದಳು. ಬಳಸಿ ಬಿಸಾಡುವ ಸಣ್ಣ ಅಲಗುಗಳು ಹಿಂದಿನ ಬೇಸಿಗೆಯ ಹೊತ್ತಿಗೇ ಬಂದಿದ್ದವು.

"ನನ್ನ ಕೊಯ್ದಿದ್ದು ಯಾವ್ದೇ?" ಎಂದು ಕೇಳಿದಳು.

ಕಿನು ಅದೊಂದು ಅಲಗನ್ನು ಬೇರೆ ಎತ್ತಿಟ್ಟಿದ್ದಳು. ತೋರಿಸಿದಳು. ತೊಕಿ ತಾನೇ ಅದನ್ನು ತೋಫುವಿಗೆ ಚುಚ್ಚಿ, "ಪಾಪ, ನನ್ನ ಹುಣ್ಣು ಗಟ್ಟಿ ಇದ್ದಿರ್ಬೇಕು. ಮಲ್ಕೊಳಪ್ಪ" ಎಂದಳು. ಓಕಾಜಿಮಾ ಆ ಕಡೆ ತಿರುಗಿ ಮೂಗು ಸೀಟಿದರು.

ಒಂದು ವರ್ಷ ಅಂದಿದ್ದರಲ್ಲ, ಒಂದು ಕಳೆಯಿತು. ಎರಡು ಕಳೆಯಿತು. ಮೊದಲ ಚಳಿಗಾಲ ಕಳೆಯುತ್ತಲೇ ತೊಕಿ ಆಸ್ಪತ್ರೆಗೆ ತಪಾಸಣೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟಿದ್ದಳು. "ಹುಣ್ಣು ವಾಸಿ ಆಯ್ತಲ್ಲ, ಇನ್ನೇನು?" ಅಂದರೆ ಕಿನು ಏನು ಹೇಳಬೇಕು? ವಾಸಿಯಾದ ಹುಣ್ಣಿಗೆ ತಪಾಸಣೆ ಮಾಡಿಸು ಎಂದು ಒತ್ತಾಯಿಸಿದರೆ ಗುಟ್ಟು ರಟ್ಟಾಗುತ್ತದೆ. ಅವಳು ಬಾಯಿಗೆ ಬೀಗ ಹಾಕಿಕೊಂಡು, ಅವ್ವನ ತೂಕವನ್ನು ಕಣ್ಣಲ್ಲೇ ತೂಗುತ್ತಾ, ಪ್ರತಿ ಹೊಸ ವರ್ಷಕ್ಕೂ ಇದೇ ಕೊನೆಯದು ಎಂದು ಹೆದರುತ್ತಾ ಬದುಕಿದಳು. ಮದುವೆಯ ಮಾತು ಬಂದಾಗಲೆಲ್ಲ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದಳು. ಆ ಮುಂದಿನ ವರ್ಷ ಬರಲೇ ಇಲ್ಲ.

ಆದರೂ ಎಂಥ ಚೆಂದದ ವರ್ಷಗಳು ಅವು! ಕಾಲು ಹೊಟ್ಟೆಯ ತೊಕಿ ದಿನಕ್ಕೆ ಆರು ಸಲ ಗುಬ್ಬಚ್ಚಿಯ ಹಾಗೆ ಉಣ್ಣುತ್ತಿದ್ದಳು. ಉಪ್ಪಿನ ಮೂಲಂಗಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅರ್ಧ ಮಾತ್ರ ಕೇಳಿದಳು. ದಿನಕ್ಕೆ ಒಂದೇ ಹೋಳು, ಅದೂ ಮಗಳು ಕೊಯ್ದು ಕೊಟ್ಟರೆ. "ಆಸ್ಪತ್ರೇಲಿ ಕೊಯ್ತೀಯಲ್ಲ, ಹಂಗೆ ಕೊಯ್ಯೇ. ಆಚೆ ಕಡೆ ಕಾಣಬೇಕು" ಅನ್ನುವಳು. ಕಿನು ಹೊಗೆ ಬಣ್ಣದ ಹೋಳನ್ನು ಬೆಳಕಿಗೆ ಹಿಡಿದು ತೋರಿಸುವಳು. ತೊಕಿ ಒಂದು ಕಣ್ಣು ಮುಚ್ಚಿ ಅದರ ಮೂಲಕ ಕಿಟಕಿಯ ಹಿಮ ನೋಡಿ, "ದಪ್ಪ ಆಯ್ತು, ನಿನ್ನ ಕೆಲಸದಿಂದ ತೆಗೀತಾರೆ" ಎಂದು ನಕ್ಕು ಬಾಯಿಗೆ ಹಾಕಿಕೊಳ್ಳುವಳು. ಹತ್ತೊಂಬತ್ತು ವರ್ಷ ಹೀಗೆ. ೨೦೦೨ರ ನವೆಂಬರಿನಲ್ಲಿ, ಹೊಗೆ ಗುಡಿಸಲಿನಲ್ಲಿ ಮೂಲಂಗಿ ಕಟ್ಟುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಹೃದಯ ನಿಂತಿತ್ತು. ಹುಣ್ಣು ಮರಳಿ ಬರಲೇ ಇಲ್ಲ. ನಿಜ ಹೇಳಲು ಕಿನುವಿಗೂ ಸಮಯ ಸಿಗಲಿಲ್ಲ.

ಸುಟ್ಟ ಮೇಲೆ, ಊರಿನ ಪದ್ಧತಿಯಂತೆ, ಉದ್ದನೆಯ ಕಡ್ಡಿಗಳಿಂದ ಮೂಳೆಗಳನ್ನು ಒಂದೊಂದಾಗಿ ಎತ್ತಿ ಮಡಕೆಗೆ ಹಾಕಿದಳು. ಗುಡಿಯಲ್ಲಿ ಇಟ್ಟುಬಂದಳು. ಅವ್ವ ಎಂಬುದು ಮುಗಿಯಿತು ಅಂದುಕೊಂಡಳು.

ತಿಂಗಳಾದ ಮೇಲೆ, ಯಾವುದೋ ಹಳೆಯ ತುಂಡು ಹುಡುಕುತ್ತಾ ಕಪಾಟಿನ ಖಾನೆ ಎಳೆದಾಗ ೧೧೨೭ ಕಣ್ಣಿಗೆ ಬಿತ್ತು. ಬೂದಿಯಾಗದ ಅವ್ವ ಇಲ್ಲಿ ಇದ್ದಳು! ಆದರೆ ಇಷ್ಟು ವರ್ಷದಲ್ಲಿ ಪಾಠಕ್ಕೆ, ಪರೀಕ್ಷೆಗೆ ಎಂದು ಅವರಿವರು ಹಾಳೆ ಕೊಯ್ಯಿಸಿಕೊಂಡು ಉಳಿದ ಚೂರುಗಳು ಮುಗಿದು, ಈ ತುಂಡೂ ಸವೆದು, ಮರದ ಅಚ್ಚಿನ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಉಳಿದಿತ್ತು. ಇನ್ನೊಬ್ಬ ಡಾಕ್ಟರು ಕೇಳಿದರೆ ಮುಗಿಯಿತು. ಕಿನು ಸುತ್ತ ನೋಡಿ, ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತನ್ನ ಮೇಜಿನ ಖಾನೆಗೆ ಹಾಕಿಕೊಂಡಳು. ದಾಖಲೆ ಪುಸ್ತಕದಲ್ಲಿ ೧೧೨೭ರ ಮುಂದೆ 'ಮುಗಿದಿದೆ' ಎಂದು ಬರೆದಳು. ಅವಳ ಬಾಳಿನ ಎರಡನೆಯ ಸುಳ್ಳು ಅದು. ಆಸ್ಪತ್ರೆಯ ವಸ್ತು ಕದ್ದ ಹಾಗೇ ಆಯಿತಲ್ಲ ಎಂದು ಕಿವಿ ಕೆಂಪಾಯಿತು. ಆದರೂ ಹಿಂದಕ್ಕೆ ಇಡಲಿಲ್ಲ.

ಹದಿನಾಲ್ಕು ವರ್ಷ ಅದು ಅಲ್ಲೇ ಇತ್ತು. ೨೦೧೭ರ ಮಾರ್ಚಿಗೆ ಕಿನುವಿನ ನಿವೃತ್ತಿ. ಅದಕ್ಕೆ ಮೊದಲಿನ ಚಳಿಗಾಲದಲ್ಲಿ ಹಿರಾಗಾ ಎಂಬ ಎಳೆಯ ಡಾಕ್ಟರು ಒಂದು ಪಟ್ಟಿ ಹಿಡಿದು ಬಂದರು. ಹಳೆಯ ಹೊಟ್ಟೆ ಕ್ಯಾನ್ಸರಿನ ಇನ್ನೂರ ಹನ್ನೆರಡು ತುಂಡುಗಳು ಬೇಕಂತೆ. ಅವುಗಳಲ್ಲಿ ಒಂದು ಪ್ರೋಟೀನು ಇದೆಯೋ ಇಲ್ಲವೋ ನೋಡುವುದು. ಇದ್ದರೆ ಹಾಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಆ ರೋಗಿಗಳು ಎಷ್ಟು ವರ್ಷ ಬದುಕಿದರು ಎಂದು ಹಳೆಯ ಕಡತ ತೆಗೆದು ತಾಳೆ ನೋಡುವುದು.

"ಕಂದು ಬಂದವರು ಬೇಗ ಹೋಗಿದ್ದಾರೆ ಅಂತ ಗೊತ್ತಾದ್ರೆ, ಮುಂದೆ ಬರೋ ರೋಗಿಗಳಿಗೆ ಮೊದಲೇ ಗಟ್ಟಿ ಔಷಧಿ ಶುರು ಮಾಡ್ಬಹುದು ಕಿನು ಸಾನ್" ಎಂದರು. ಒಳ್ಳೆಯ ಹುಡುಗ. ಆದರೆ ಪಟ್ಟಿಯ ಮೇಲೆ ಬೆರಳಿಟ್ಟು, "ಇದೊಂದು ೧೧೨೭, ಮುಗಿದಿದೆ ಅಂತ ಬರೆದಿದೆ. ಛೆ!" ಎಂದಾಗ ಕಿನು ಕಿವಿಯ ಮೇಲೆ ಕೂದಲು ಎಳೆದುಕೊಂಡಳು.

"ಮುಗಿದಿದ್ರೆ ಏನ್ ಮಾಡೋದು ಡಾಕ್ಟ್ರೇ" ಎಂದಳು. ಖಾನೆಯಲ್ಲಿರುವುದನ್ನು ಕೊಟ್ಟರೆ ಅವ್ವನ ಕೊನೆಯ ಚೂರೂ ಹೋಯಿತು. ಕೊಡದಿದ್ದರೆ ಇನ್ನು ಮೂರು ತಿಂಗಳಲ್ಲಿ ಮೇಜು ಖಾಲಿ ಮಾಡುವಾಗ ಅದನ್ನು ಕದ್ದು ಮನೆಗೆ ಒಯ್ಯಬೇಕು. ಒಯ್ಯುವುದೆಂದೇ ಅವಳು ತೀರ್ಮಾನಿಸಿದ್ದಳು.

ಕಡತಗಳನ್ನು ಓದಲು ಹಿರಾಗಾ ಕೈಯಲ್ಲಿ ಆಗಲಿಲ್ಲ. ಹಳೆಯ ಡಾಕ್ಟರುಗಳ ಬರಹ, ಆಗಿನ ವೈದ್ಯರ ರೂಢಿಯಂತೆ, ಅರ್ಧ ಜರ್ಮನ್, ಅರ್ಧ ಕಾಗೆ ಕಾಲು ಗುಬ್ಬಿ ಕಾಲು. ಓದಬಲ್ಲವರು ಆ ಆಸ್ಪತ್ರೆಯಲ್ಲಿ ಕಿನು ಒಬ್ಬಳೇ ಉಳಿದಿದ್ದಳು. ನೆಲಮಾಳಿಗೆಯಲ್ಲಿ ಸೀಮೆಎಣ್ಣೆ ಒಲೆ ಹಚ್ಚಿಕೊಂಡು ಅವಳು ಓದುವುದು, ಅವರು ಕಂಪ್ಯೂಟರಿಗೆ ಹಾಕುವುದು. ತುಂಡು ಇಲ್ಲದಿದ್ದರೂ ಕಡತ ನೋಡಿಬಿಡೋಣ ಎಂದು ನಾಲ್ಕನೆಯ ದಿನ ಹಿರಾಗಾ ೧೧೨೭ ಕೈಗಿಟ್ಟರು. ಇಷ್ಟು ವರ್ಷ ಅದೇ ಕಟ್ಟಡದಲ್ಲಿದ್ದೂ ಕಿನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಒಂದು ವರ್ಷ ಎಂಬ ಮಾತನ್ನು ಮತ್ತೆ ಓದುವ ಧೈರ್ಯ ಬೇಕಲ್ಲ.

ಶಸ್ತ್ರಕ್ರಿಯೆಯ ಹಾಳೆ ಓದಿದಳು. ಪುಟ ತಿರುಗಿಸಿದಳು. ೧೯೮೪ರ ಮಾರ್ಚ್, ಹೊರರೋಗಿ ವಿಭಾಗ. ಜರ್ಮನ್ ಬಿಟ್ಟು ಡಾಕ್ಟರು ರೋಗಿಯ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದರು. ಕಿನು ಅಭ್ಯಾಸಬಲದಿಂದ ಗಟ್ಟಿಯಾಗಿ ಓದತೊಡಗಿದಳು:

"ರೋಗಿ ಒಬ್ಬಳೇ ಬಂದಿದ್ದಾಳೆ. ಹೇಳುತ್ತಾಳೆ: ಇದು ಹುಣ್ಣಲ್ಲ ಅಂತ ನಂಗೊತ್ತು ಡಾಕ್ಟ್ರೇ. ನಂಗೊತ್ತು ಅಂತ ನನ್ನ ಮಗಳಿಗೆ ಹೇಳಬ್ಯಾಡಿ. ಸುಳ್ಳು ಬರದ ಹುಡುಗಿ ಅದು. ನಂಗೋಸ್ಕರ ಕಷ್ಟಪಟ್ಟು ಕಲ್ತದೆ. ಅವಳ ಕಷ್ಟ ದಂಡ ಆಗಬಾರದು. ನಾನು ಇಲ್ಲಿಗೆ ಬರ್ತಾ ಇದ್ರೆ ಅವ್ವಂಗೆ ಅನುಮಾನ ಬಂದದೆ ಅಂತ ಹೆದರ್ಕೋತಾಳೆ. ಅದ್ಕೇ ಇನ್ನು..."

ಕೊನೆಯ 'ಬರಲ್ಲ' ಎಂಬ ಮಾತನ್ನು ಅವಳು ಕಣ್ಣಲ್ಲೇ ಓದಿಕೊಂಡಳು.

"ಕಿನು ಸಾನ್? ಏನಾಯ್ತು?"

ಹತ್ತೊಂಬತ್ತು ವರ್ಷ ಒಂದೇ ಊಟದ ಮಣೆಯ ಎರಡು ಕಡೆ ಕೂತು, ತಾನು ಅವ್ವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು ಕಿನು. ಆ ಮುದುಕಿ ಸಾವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ಹೋಳಿನ ಮೂಲಕ ಹಿಮ ನೋಡುತ್ತಾ, ಇವಳನ್ನು ಕಾಪಾಡುತ್ತಿದ್ದಳು. ಕಿನುವಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಅದೆರಡನ್ನೂ ಮೀರಿ ಅವ್ವ ಬೇಕು ಅನ್ನಿಸಿತು. ಅರವತ್ತರ ಹೆಂಗಸು ಆ ಎಳೆಯ ಡಾಕ್ಟರ ಮುಂದೆ ಗಟ್ಟಿಯಾಗಿ ಅತ್ತಳು.

ಅತ್ತು ಮುಗಿಸಿ, ಎದ್ದು ನಿಂತು, ಸೊಂಟದವರೆಗೂ ಬಾಗಿದಳು. "ತಪ್ಪಾಯ್ತು ಡಾಕ್ಟ್ರೇ. ೧೧೨೭ ಮುಗಿದಿಲ್ಲ. ನನ್ನ ಖಾನೇಲಿದೆ. ಅದು ನಮ್ಮವ್ವ."

ಹಿರಾಗಾ ತಬ್ಬಿಬ್ಬಾದರು. ತಾವೂ ಎದ್ದು ಬಾಗಿದರು. "ಬೇಡ, ಬೇಡ, ಇಟ್ಕೊಳ್ಳಿ. ನನಗೆ ಇನ್ನೂರ ಹನ್ನೊಂದು ಸಾಕು. ನಾನು ಯಾರಿಗೂ ಹೇಳಲ್ಲ."

"ಯಾರಿಗೂ ಹೇಳದೇ ಇಟ್ಕೊಂಡಿದ್ದೇ ಆಯ್ತಲ್ಲ ನಮ್ಮನೇಲಿ, ಇಷ್ಟು ವರ್ಷ" ಎಂದಳು ಕಿನು. "ಒಂದು ವರ್ಷ ಅಂದಿದ್ರು. ಹತ್ತೊಂಬತ್ತು ಬದುಕಿದ್ಲು. ಅಂಥೋಳು ನಿಮ್ಮ ಪಟ್ಟೀಲಿ ಇಲ್ದೇ ಇದ್ರೆ ಆ ಪಟ್ಟಿ ಏನು ಪಟ್ಟಿ?"

ಆ ರಾತ್ರಿಯೆಲ್ಲ ಅವಳಿಗೆ ಒಂದೇ ಯೋಚನೆ. ಹತ್ತಿಬಟ್ಟೆಯಲ್ಲಿ ಸುತ್ತಿ ಇಷ್ಟು ವರ್ಷ ಕಾಪಾಡಿಕೊಂಡಿದ್ದು ಅವ್ವನನ್ನಲ್ಲ, ಅವ್ವನನ್ನು ತಿನ್ನಲು ಬಂದಿದ್ದನ್ನು. ಮೂಲಂಗಿ ತಿಂದು ನಕ್ಕ ಅವ್ವ ಆ ಖಾನೆಯಲ್ಲಿ ಎಂದೂ ಇರಲಿಲ್ಲ.

ಕೊಯ್ದದ್ದು ಫೆಬ್ರವರಿ ಎಂಟರಂದು. ಹಾಗೆಂದು ಆರಿಸಿಕೊಂಡವಳಲ್ಲ, ಪಟ್ಟಿಯಲ್ಲಿ ಅದರ ಸರದಿ ಅಂದೇ ಬಂತು. ತುಂಡನ್ನು ಮಂಜುಗಡ್ಡೆಯ ಮೇಲೆ ಇಟ್ಟು, ತೆಗೆದು, ಯಂತ್ರಕ್ಕೆ ಕಚ್ಚಿಸಿ, ಮಾಸ್ಕು ಇಳಿಸಿ ಬಾಗಿದಳು. 'ಹಾ'. ಮೊದಲ ಹಾಳೆ ಎದ್ದಿತು. ಚಳಿಯಲ್ಲಿ ಮಗುವಿನ ಕೈಗೆ ಬಿಡುವ ಉಸಿರು ಎಂದು ಓಕಾಜಿಮಾ ಹೇಳಿದ್ದು ನೆನಪಾಯಿತು. ಅವರೂ ಹೋಗಿ ಹತ್ತು ವರ್ಷ. ಐದು ಹಾಳೆ ಸಿಕ್ಕವು, ಆರನೆಯದಕ್ಕೆ ಅಲಗು ಬರಿಯ ಮೇಣವನ್ನು ಹೆರೆಯಿತು. ಅಚ್ಚಿನ ಮರ ಕಾಣಿಸಿತು. ಕಿನು ಆ ಅಲಗನ್ನು ಬಿಚ್ಚಿ, ಬೆಳಿಗ್ಗೆ ತಾನೇ ತಂದಿಟ್ಟಿದ್ದ ತೋಫುವಿಗೆ ಚುಚ್ಚಿದಳು. ದಾಖಲೆ ಪುಸ್ತಕ ತೆರೆದು, ಹದಿನಾಲ್ಕು ವರ್ಷದ ಹಿಂದೆ ತಾನೇ ಬರೆದ 'ಮುಗಿದಿದೆ'ಯ ಪಕ್ಕದಲ್ಲಿ ಅಂದಿನ ತಾರೀಖು ಹಾಕಿದಳು.

ಬಣ್ಣ ಕಟ್ಟಿದ ಮೇಲೆ ಹಾಳೆ ಕಾಫಿ ಪುಡಿಯಂಥ ಗಾಢ ಕಂದು. ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಹಿರಾಗಾ ಪೆಚ್ಚಾಗಿ ನೋಡಿದರು. "ಇನ್ನೂರ ಹನ್ನೆರಡರಲ್ಲಿ ಇಷ್ಟು ಕಂದು ಯಾವುದಕ್ಕೂ ಬಂದಿಲ್ಲ ಕಿನು ಸಾನ್. ಈ ಪ್ರೋಟೀನಿನ ಮಾತು ನಂಬೋದಾದ್ರೆ ತಾಯಿಯವರು ಒಂದು ವರ್ಷಾನೂ ಇರಬಾರದಿತ್ತು. ನನ್ನ ಲೆಕ್ಕಕ್ಕೆ ಇವರು ಒಗ್ತಾನೇ ಇಲ್ಲ."

"ನಮ್ಮವ್ವ ಯಾರ ಲೆಕ್ಕಕ್ಕೂ ಒಗ್ಗಿದೋಳಲ್ಲ ಬಿಡಿ" ಎಂದಳು ಕಿನು. "ಹಂಗೇ ಸೇರ್ಸಿ. ಹತ್ತೊಂಬತ್ತು ಅಂತ ಬರೀರಿ."

ಅವರು ಬರೆದರು. ಅವಳು ಪಕ್ಕದಲ್ಲಿ ನಿಂತು ನೋಡಿದಳು.

ಸಂಜೆ ಮನೆಗೆ ಬಂದು, ಹಿರಿಯರ ಗೂಡಿನ ಬಾಗಿಲು ತೆರೆದು, ಅವ್ವನ ಫೋಟೋದ ಮುಂದೆ ಊದುಬತ್ತಿ ಹಚ್ಚಿದಳು. ಕಡತದಲ್ಲಿ ಓದಿದ್ದನ್ನು ಹೇಳಬೇಕು, ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತಾಯಿತು ಅನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಫೋಟೋದ ಮುದುಕಿ ಕಾಯುತ್ತಿದ್ದಳು. ಕಿನು ಕೈಬೆರಳಿನಿಂದ ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟುಕೊಂಡಳು.

"ಅವ್ವಾ," ಎಂದಳು, "ನಿನ್ನ ಹುಣ್ಣು ಇವತ್ತಿಗೆ ಪೂರ್ತಿ ಹೋಯ್ತು ಕಣವ್ವ."

ಆಮೇಲೆ ಪೀಪಾಯಿಯಿಂದ ತಾನೇ ಹೂತಿಟ್ಟಿದ್ದ ಒಂದು ಮೂಲಂಗಿ ತೆಗೆದು, ಆಚೆ ಕಡೆ ಕಾಣುವ ಹಾಗೆ ಒಂದು ಹೋಳು ಕೊಯ್ದು, ಫೋಟೋದ ಮುಂದೆ ಇಟ್ಟಳು.